ಲೋಹವನ್ನು ಆಯುವ ಪ್ರೋಟೀನು: ಒಂದು ವಿಮರ್ಶೆ

ಬೀಗಕ್ಕೆ ತಕ್ಕ ಕೀಲಿಕೈ ಎಂಬ ಹೋಲಿಕೆಯನ್ನು ಎಮಿಲ್ ಫಿಷರನು 1894ರಲ್ಲಿ ಕಿಣ್ವಗಳ ವಿಷಯವಾಗಿ ಬಳಸಿದನು. ತರಗತಿಗಳಲ್ಲಿ ನಾವು ಇಂದಿಗೂ ಅದನ್ನು ಕೈಬಿಟ್ಟಿಲ್ಲ. ಆದರೆ ಲೋಹದ ಅಯಾನುಗಳನ್ನು ಪ್ರೋಟೀನು ಆಯುವ ಬಗೆಯನ್ನು ವಿವರಿಸಲು ಹೊರಟಾಗ ಈ ಹೋಲಿಕೆ ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಲೋಹವನ್ನು ಹಿಡಿಯಬಲ್ಲ ಅಮೈನೊ ಆಮ್ಲಗಳು ಕೆಲವೇ. ಹಿಸ್ಟಿಡೀನ್, ಸಿಸ್ಟೀನ್, ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ ಇವು ಮುಖ್ಯವಾದವು. ಪ್ರೋಟೀನಿನ ಮೈಯಾದರೋ ಬಾಗುವಂಥದು. ಒಪ್ಪದ ಅಯಾನು ಬಂದರೂ ತುಸು ಸರಿದು ಎಡೆಗೊಡುತ್ತದೆ. ಆದುದರಿಂದ ಇಲ್ಲಿ ಮೇಲುಗೈ ಆಕಾರದ್ದಲ್ಲ, ಅಯಾನಿನ ಎಲೆಕ್ಟ್ರಾನು ರಚನೆಯದು. ಇರ್ವಿಂಗ್ ಮತ್ತು ವಿಲಿಯಮ್ಸ್ 1953ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಶ್ರೇಣಿಯಂತೆ, ಬಂಧದ ಸ್ಥಿರತೆಯು ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕಲ್‌ಗಳ ಕ್ರಮದಲ್ಲಿ ಏರುತ್ತ ತಾಮ್ರದಲ್ಲಿ ತುದಿಮುಟ್ಟಿ, ಸತುವಿನಲ್ಲಿ ಇಳಿಯುತ್ತದೆ.

ಜೀವಕೋಶವು ಈ ತೊಡಕನ್ನು ದಾಟುವ ಉಪಾಯ ಬೇರೆ. ಸಿನೆಕೊಸಿಸ್ಟಿಸ್ ಎಂಬ ನೀಲಿಹಸಿರು ಬ್ಯಾಕ್ಟೀರಿಯದಲ್ಲಿ ಒಂದೇ ಬಗೆಯ ಮಡಿಕೆಯುಳ್ಳ ಎರಡು ಪ್ರೋಟೀನುಗಳಿವೆ. ಒಂದರಲ್ಲಿ ಮ್ಯಾಂಗನೀಸ್, ಇನ್ನೊಂದರಲ್ಲಿ ತಾಮ್ರ. ಆದರೆ ಮ್ಯಾಂಗನೀಸಿನ ಪ್ರೋಟೀನು ಸಹ ಪ್ರಯೋಗನಾಳದಲ್ಲಿ ತಾಮ್ರಕ್ಕೇ ಒಲಿಯುವುದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದು ಬಿಡಿ ತಾಮ್ರಕ್ಕೆ ಎಡೆಯಿಲ್ಲದ ಕೋಶರಸದಲ್ಲಿ ಮೊದಲೇ ಮಡಿಸಿಕೊಳ್ಳುವುದರಿಂದ ಮ್ಯಾಂಗನೀಸ್ ಅದರೊಳಗೆ ಭದ್ರವಾಗಿ ಉಳಿಯುತ್ತದೆ. ಆಯ್ಕೆ ಮಾಡಿದುದು ಪ್ರೋಟೀನಲ್ಲ, ಅದು ಮಡಿಸಿಕೊಂಡ ಸ್ಥಳ.

ಈ ಹಿನ್ನೆಲೆಯಲ್ಲಿಯೇ ಚೋಯ್ ಮತ್ತು ತೆಜ್ಜಾನ್ ಅವರು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೃತಕ ಜೋಡಿ ಪ್ರೋಟೀನಿನ ಬೆಲೆಯನ್ನು ಅರಿಯಬೇಕು. ಅವರು ಅದನ್ನು ಬಿಗಿಯಾಗಿ ಕಟ್ಟಲಿಲ್ಲ. ಬೇಕೆಂದೇ ಸಡಿಲವಾಗಿ ಕಟ್ಟಿದರು. ಲೋಹಕ್ಕೆ ತಕ್ಕಂತೆ ಅದು ಬೇರೆ ಬೇರೆ ರೂಪ ತಾಳುತ್ತದೆ. ಒಂದಕ್ಕೊಂದು ಹೆಣೆದ ಅದರ ತಾಣಗಳು ತಾಮ್ರಕ್ಕೆ ಒಗ್ಗದ ಜ್ಯಾಮಿತಿಯನ್ನು ಹೇರುತ್ತವೆ. ಶ್ರೇಣಿಯಲ್ಲಿ ಕೆಳಗಿನ ಲೋಹಗಳು ತಾಮ್ರವನ್ನು ಹಿಂದೆ ಹಾಕುತ್ತವೆ.

ಈ ಸಾಧನೆಯನ್ನು ಮೆಚ್ಚುತ್ತಲೇ ಎರಡು ಮಾತುಗಳನ್ನು ಹೇಳಬೇಕಾಗಿದೆ. ಸಡಿಲತೆಯು ಉದ್ದೇಶಪೂರ್ವಕವಾದುದು, ನಿಜ. ತಾಮ್ರವನ್ನು ಒಲ್ಲದ ತಾಣಗಳಾದರೋ ಆ ಸಡಿಲತೆಯಿಂದಾಗಿ ಕಂಡುಬಂದವು. ಆದುದರಿಂದ ಎಲ್ಲವನ್ನೂ ‘ವಿನ್ಯಾಸ’ವೆಂದು ಕರೆಯುವುದು ಅತಿಯಾದೀತು. ಎರಡನೆಯದಾಗಿ, ತಾಮ್ರವನ್ನು ದೂರವಿಡುವುದು ಬೇರೆ, ನಮಗೆ ಬೇಕಾದ ಒಂದೇ ಲೋಹವನ್ನು ಆರಿಸುವುದು ಬೇರೆ.

‘ಗಟ್ಟಿಯಾಗಿ ಹಿಡಿಯುತ್ತದೆ’ ಎಂಬುದನ್ನು ‘ಆಯ್ದು ಹಿಡಿಯುತ್ತದೆ’ ಎಂದು ಓದುವ ರೂಢಿಯನ್ನು ನಮ್ಮ ವಿದ್ಯಾರ್ಥಿಗಳು ಬಿಡಬೇಕು. ಎದುರಾಳಿ ಲೋಹಗಳ ನಡುವೆ ನಿಲ್ಲಿಸಿ ಪರೀಕ್ಷಿಸದ ಪ್ರೋಟೀನಿಗೆ ಆಯ್ಕೆಯ ಗುಣವಿದೆಯೆಂದು ಹೇಳಲಾಗದು.