ಹೊತ್ತು ಮತ್ತು ಬೆಳಕು: ಆದಿಕಾಂಡದ ಸೃಷ್ಟಿವರ್ಣನೆಯನ್ನು ಕುರಿತು ಒಂದು ವಿಚಾರ

ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯವನ್ನು ಓದುವ ವಿದ್ಯಾರ್ಥಿಗೆ ಎದುರಾಗುವ ಮೊದಲ ತೊಡಕು ಇದು: ಬೆಳಕು ಹುಟ್ಟುವುದು ಒಂದನೆಯ ದಿನ, ಸೂರ್ಯಚಂದ್ರರು ಉಂಟಾಗುವುದು ನಾಲ್ಕನೆಯ ದಿನ. ಸೂರ್ಯನಿಲ್ಲದೆಯೇ ಮೂರು ಬೈಗು, ಮೂರು ಬೆಳಗು ಕಳೆದುಹೋಗುತ್ತವೆ. ಇದನ್ನು ಪ್ರಾಚೀನರ ಅಜ್ಞಾನವೆಂದು ತಳ್ಳಿಹಾಕುವವರುಂಟು. ಆಧುನಿಕ ಭೌತವಿಜ್ಞಾನದ ಮುನ್ಸೂಚನೆಯೆಂದು ಕೊಂಡಾಡುವವರೂ ಉಂಟು. ಈ ಎರಡು ಬಗೆಯವರೂ ಕೃತಿಯನ್ನು ಕೃತಿಯಾಗಿ ಓದುವುದಕ್ಕೆ ಮುಂಚೆಯೇ ತೀರ್ಪು ಕೊಟ್ಟುಬಿಡುತ್ತಾರೆ. ಆ ದಿನಗಳು ಎಂಥವೆಂದು ಊಹಿಸುವುದೇ ಬಹು ಕಷ್ಟವೆಂದು ಆಗಸ್ಟೀನನು 5ನೆಯ ಶತಮಾನದಲ್ಲಿಯೇ ಒಪ್ಪಿಕೊಂಡಿದ್ದನು. ತೊಡಕು ಹೊಸದಲ್ಲ, ಅದನ್ನು ನಾವು ಎಲ್ಲಿ ನಿಂತು ನೋಡುತ್ತೇವೆಂಬುದು ಮುಖ್ಯ.

ಕನ್ನಡದ ಓದುಗನು ಅದನ್ನು ತನ್ನ ನುಡಿಯೊಳಗೆ ನಿಂತೇ ನೋಡಬಹುದು. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಂಥ ಊರನ್ನು ತೆಗೆದುಕೊಳ್ಳೋಣ. ಆಂಧ್ರದ ಗಡಿಗೆ ಹತ್ತಿರವಾದ ಈ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿವೆ. 'ಹೊತ್ತು ಹುಟ್ಟಿತು' ಎಂದರೆ ಸೂರ್ಯ ಮೂಡಿದನೆಂದರ್ಥ; 'ಹೊತ್ತಾಯಿತು' ಎಂದರೆ ಕಾಲ ಮೀರಿತೆಂದರ್ಥ. ಹಳಗನ್ನಡದ 'ಪೊೞ್ತು', ತೆಲುಗಿನ 'ಪ್ರೊದ್ದು' ಎಂಬಿವೂ ಹೀಗೆಯೇ ಎರಡರ್ಥವನ್ನು ಹೊತ್ತಿವೆ. 'ತಿಂಗಳು' ಚಂದ್ರನೂ ಹೌದು, ಮಾಸವೂ ಹೌದು. ನಮ್ಮ ನುಡಿಯಲ್ಲಿ ಕಾಲವೆಂಬುದು ಆಕಾಶದಲ್ಲಿ ಚಲಿಸುವ ಜ್ಯೋತಿಯೇ ಆಗಿದೆ. ಆದಿಕಾಂಡವು ಬಿಡಿಸುವುದು ಈ ಗಂಟನ್ನೇ. ಅಲ್ಲಿ ಕಾಲಕ್ಕೆ ಸೂರ್ಯನು ಕಾರಣನಲ್ಲ. ಕಾಲವು ಮೊದಲೇ ನಡೆಯತೊಡಗಿದೆ, ಸೂರ್ಯನು ಅನಂತರ ಅದರ ಊಳಿಗಕ್ಕೆ ನೇಮಕಗೊಂಡವನು.

ಮೂಲದ ಪದಪ್ರಯೋಗವು ಇದನ್ನು ಸಮರ್ಥಿಸುತ್ತದೆ. ಒಂದನೆಯ ದಿನದ ಬೆಳಕಿಗೆ ಹೀಬ್ರೂವಿನಲ್ಲಿ 'ಓರ್' ಎಂಬ ಪದವಿದೆ. ನಾಲ್ಕನೆಯ ದಿನದವುಗಳಿಗೆ 'ಮಾಓರ್' ಎಂಬುದರ ಬಹುವಚನವಿದೆ. ದೇವದರ್ಶನದ ಗುಡಾರದಲ್ಲಿ ಎಣ್ಣೆಯಿಂದ ಉರಿಯುವ ದೀಪಕ್ಕೂ ವಿಮೋಚನಕಾಂಡದಲ್ಲಿ ಈ ಎರಡನೆಯ ಪದವೇ ಬರುತ್ತದೆ. ಆದುದರಿಂದ ಎರಡು ಕಡೆಯೂ 'ಬೆಳಕು' ಎಂಬ ಒಂದೇ ಪದವನ್ನಿಟ್ಟರೆ ಕನ್ನಡದಲ್ಲಿ ಭೇದವು ಮಸುಕಾಗುತ್ತದೆ. 'ದೀಪ' ಎಂಬುದು ಮೂಲಕ್ಕೆ ಹೆಚ್ಚು ಸಮೀಪವಾದೀತು. ಇನ್ನೊಂದು ವಿಷಯ: ಈ ಅಧ್ಯಾಯದಲ್ಲಿ ಸೂರ್ಯ, ಚಂದ್ರ ಎಂಬ ಹೆಸರುಗಳೇ ಇಲ್ಲ, ದೊಡ್ಡದು, ಚಿಕ್ಕದು ಎಂಬ ವಿಶೇಷಣಗಳು ಮಾತ್ರ ಇವೆ. ಬಹುಮಂದಿ ವಿದ್ವಾಂಸರು ಈ ಅಧ್ಯಾಯವನ್ನು ಕ್ರಿ.ಪೂ. 6ನೆಯ ಶತಮಾನದ ಬಾಬಿಲೋನಿನ ಸೆರೆವಾಸದ ಆಸುಪಾಸಿಗೆ ಸೇರಿಸುತ್ತಾರೆ. ಬಾಬಿಲೋನಿನಲ್ಲಿ ಸೂರ್ಯದೇವನ ಹೆಸರು ಶಮಶ್. ಹೀಬ್ರೂವಿನ 'ಶೆಮೆಷ್' ಅದರ ಸೋದರಪದ. ಆ ಕಾಲನಿರ್ಣಯವನ್ನು ಒಪ್ಪುವುದಾದರೆ, ಗೆದ್ದವರ ದೈವವನ್ನು ಸೋತ ಜನಾಂಗವು ತೂಗುಹಾಕಿದ ದೀಪವೆಂದು ಕರೆಯುವುದು ಸಾಮಾನ್ಯ ಧೈರ್ಯವಲ್ಲ. ಆ ದೀಪಗಳಿಗೆ ಹಗಲಿರುಳುಗಳನ್ನಾಳುವ ಅಧಿಕಾರವನ್ನೂ ಕೃತಿ ಕೊಡುತ್ತದೆ, ದಿಟ. ಆದರೆ ಅದು ಪಾರುಪತ್ಯಗಾರನ ಅಧಿಕಾರ, ಅರಸನದಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಕಾಲಭಾವನೆಯನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಪಾವಗಡದ ಶನಿಮಹಾತ್ಮನ ದೇವಾಲಯವು ನಾಡಿನಲ್ಲೆಲ್ಲ ಪ್ರಸಿದ್ಧ. ಅಲ್ಲಿ ಗ್ರಹವು ಕಾಲದ ಒಡೆಯ. ವಾರಕ್ಕೆ ಹೆಸರು ಬಂದುದು ಆ ಗ್ರಹದಿಂದ. ಹೀಬ್ರೂವಿನಲ್ಲಿ ಇದು ತಿರುಗುಮುರುಗಾಗಿದೆ. ಅಲ್ಲಿ ವಾರದ ದಿನಗಳಿಗೆ ಎಣಿಕೆಯೇ ಹೆಸರು. ಏಳನೆಯದಕ್ಕೆ ಮಾತ್ರ 'ಶಬ್ಬಾತ್' ಎಂಬ ಹೆಸರುಂಟು. ಶನಿಗ್ರಹಕ್ಕೆ 'ಶಬ್ಬತಾಯ್' ಎಂಬ ಹೆಸರು ಬಂದುದು ಆ ದಿನದಿಂದ. ಒಂದೆಡೆ ಗ್ರಹವು ದಿನವನ್ನು ಹೆಸರಿಸಿತು. ಇನ್ನೊಂದೆಡೆ ದಿನವು ಗ್ರಹವನ್ನು ಹೆಸರಿಸಿತು. ಗ್ರಹಗಳೂ ಪರದೈವದ ಅಧೀನವೆಂಬ ಭಾವನೆ ನಮ್ಮಲ್ಲಿ ಇಲ್ಲದಿಲ್ಲ. ಆದುದರಿಂದ ಇದನ್ನು ಮೇಲುಕೀಳಿನ ಮಾತಾಗಿ ತೆಗೆದುಕೊಳ್ಳಲಾಗದು. ದೈವನಿಯಮವನ್ನು ಕಾಣುವ ಎರಡು ದೃಷ್ಟಿಗಳಿವು.

ಆ ನಿಯಮದ ಸ್ವರೂಪವು ರಚನೆಯಲ್ಲಿಯೇ ಇದೆ. ಮೊದಲ ಮೂರು ದಿನ ಎಡೆಗಳನ್ನು ಬೇರ್ಪಡಿಸುವುದು. ಮುಂದಿನ ಮೂರು ದಿನ ಅದೇ ಕ್ರಮದಲ್ಲಿ ಆ ಎಡೆಗಳನ್ನು ತುಂಬುವುದು. ಬೆಳಕಿಗೆ ದೀಪಗಳು, ನೀರಿಗೂ ಆಕಾಶಕ್ಕೂ ಮೀನು ಹಕ್ಕಿಗಳು, ನೆಲಕ್ಕೆ ಮೃಗಗಳೂ ಮನುಷ್ಯನೂ. ಕತ್ತಲೆಯನ್ನು ಕೊಲ್ಲಲಿಲ್ಲ, ಅದಕ್ಕೆ ಇರುಳೆಂದು ಹೆಸರಿಟ್ಟು ಎಲ್ಲೆ ಕೊಡಲಾಯಿತು. ಆದರೆ ಒಳ್ಳೆಯದೆನಿಸಿಕೊಂಡುದು ಬೆಳಕೊಂದೇ. ಪಂಚಾಂಗದ ದಿನವು ಸೂರ್ಯೋದಯದಿಂದ ಮೊದಲಾದರೆ, ಯೆಹೂದ್ಯರ ದಿನವು ಬೈಗಿನಿಂದ ಮೊದಲಾಗುತ್ತದೆ. ಪ್ರತಿದಿನವೂ ಕತ್ತಲೆಯಿಂದ ಬೆಳಕಿನೆಡೆಗೆ ನಡೆಯುತ್ತದೆ. ಏಳನೆಯ ದಿನಕ್ಕೆ ಮಾತ್ರ ಬೈಗು ಬೆಳಗುಗಳ ಪಲ್ಲವಿ ಬರುವುದಿಲ್ಲ. ವಿಶ್ರಾಂತಿಯ ಆ ದಿನಕ್ಕೆ ಅಂತ್ಯವನ್ನು ಹೇಳದೆಯೇ ಕೃತಿ ನಿಲ್ಲುತ್ತದೆ.

ಇಷ್ಟು ಹೇಳಿದರೂ ಸೂರ್ಯನಿಲ್ಲದ ಬೈಗು ಎಂಥದೆಂಬ ಪ್ರಶ್ನೆ ಬಗೆಹರಿಯದು. ಬಗೆಹರಿಯಿತೆಂದು ನಟಿಸುವುದು ವಿಮರ್ಶೆಗೆ ಸಲ್ಲದು. ಆದರೆ ಆ ತೊಡಕನ್ನು ದೋಷವೆಂದು ಎಣಿಸದೆ ಕೃತಿಯ ವಾದವೆಂದು ಎಣಿಸಿದಾಗ ಅಧ್ಯಾಯವೆಲ್ಲ ಒಂದೇ ಸೂತ್ರದಲ್ಲಿ ನಿಲ್ಲುತ್ತದೆ. 'ಹೊತ್ತು' ಎಂಬ ಮಾತನ್ನು ಹುಟ್ಟಿನಿಂದ ಆಡುವ ವಿದ್ಯಾರ್ಥಿಗೆ ಆ ವಾದದ ಬಿಗಿ ಬೇರೆಯವರಿಗಿಂತ ಬೇಗ ಅರಿವಾದೀತು. ಈ ಅಧ್ಯಾಯವನ್ನು ತರಗತಿಯಲ್ಲಿ ಪಾಠಹೇಳುವವರು ಆ ಮಾತಿನಿಂದಲೇ ಪ್ರಾರಂಭಿಸುವುದು ಉಚಿತ.