ಹಾರ್ಟ್ ಪ್ಯಾಕೇಜಿನಲ್ಲಿ ಇರುವುದು, ಇರಬೇಕಾದದ್ದು

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿಗೇ ತೀರಿಕೊಂಡಾಗ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳಿಗೆ ಯುವಕರು ತಪಾಸಣೆಗೆಂದು ಮುಗಿಬಿದ್ದರು. ಆ ಭಯಕ್ಕೆ ಆಧಾರವಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮುಂಚೆಯೇ ಆಗುತ್ತದೆಂದು 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ಅದಕ್ಕೂ ಎಷ್ಟೋ ಮೊದಲೇ ತೋರಿಸಿತ್ತು. ಹೀಗೆ ಹೆದರಿ ಬಂದವರಿಗೆ ಲ್ಯಾಬುಗಳು ಮುಂದಿಡುವುದು ಹಾರ್ಟ್ ಪ್ಯಾಕೇಜ್ ಎಂಬ ರಕ್ತಪರೀಕ್ಷೆಗಳ ಕಟ್ಟು. ಅದರ ಬಗ್ಗೆ ನನ್ನ ತಕರಾರು ಬೆಲೆಯದ್ದಲ್ಲ. ಕಾಯಿಲೆಗೆ ಕಾರಣವಾದದ್ದನ್ನೂ ಕಾಯಿಲೆಯ ಜೊತೆಗೆ ಸುಮ್ಮನೆ ಕಾಣಿಸಿಕೊಳ್ಳುವುದನ್ನೂ ಅದು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ.

ರಕ್ತದಲ್ಲಿರುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲದ ಉದಾಹರಣೆ ನೋಡಿ. 1969ರಲ್ಲಿ ಕಿಲ್ಮರ್ ಮೆಕ್‌ಕಲ್ಲಿ, ರಕ್ತದಲ್ಲಿ ಇದು ವಿಪರೀತ ಹೆಚ್ಚಿದ್ದ ಮಕ್ಕಳ ರಕ್ತನಾಳಗಳು ಹಾಳಾಗಿದ್ದನ್ನು ಕಂಡು, ನಾಳಗಳನ್ನು ಕೆಡಿಸುವುದು ಇದೇ ಎಂಬ ಊಹೆ ಮುಂದಿಟ್ಟರು. ಊಹೆ ಚೆನ್ನಾಗಿತ್ತು. ಹೋಮೋಸಿಸ್ಟೀನ್ ಜಾಸ್ತಿ ಇದ್ದವರಲ್ಲಿ ಹೃದ್ರೋಗವೂ ಜಾಸ್ತಿ ಎಂದು ಆಮೇಲಿನ ಅಧ್ಯಯನಗಳೂ ಹೇಳಿದವು. ಆದರೆ 2006ರಲ್ಲಿ ಪ್ರಕಟವಾದ ನಾರ್ವಿಟ್ ಮತ್ತು ಹೋಪ್-2 ಪ್ರಯೋಗಗಳಲ್ಲಿ ಫೋಲಿಕ್ ಆಮ್ಲ, ಬಿ12, ಬಿ6 ಕೊಟ್ಟು ಅದನ್ನು ಇಳಿಸಿದರೂ ಹೃದಯಾಘಾತ ಇಳಿಯಲಿಲ್ಲ. ಇಷ್ಟಾದ ಮೇಲೂ ಎಷ್ಟೋ ಪ್ಯಾಕೇಜುಗಳಲ್ಲಿ ಅದು ಹೃದಯದ ತಲೆಬರಹದಡಿಯಲ್ಲೇ ಇದೆ. ನಮ್ಮಲ್ಲಿ ಸಸ್ಯಾಹಾರಿಗಳ ರಿಪೋರ್ಟಿನಲ್ಲಿ ಅದು ಏರಿದ್ದರೆ ಬಹುಪಾಲು ಬಿ12 ಕೊರತೆಯ ಸುಳಿವು. ಅದಕ್ಕೆ ಚಿಕಿತ್ಸೆ ಬೇಕು ನಿಜ, ಆದರೆ ಅದು ನರಗಳಿಗಾಗಿ, ರಕ್ತಕ್ಕಾಗಿ. ಇಷ್ಟನ್ನು ಯಾರೂ ಬಿಡಿಸಿ ಹೇಳದ್ದರಿಂದ ಮನೆಮಂದಿಯೆಲ್ಲ ಹೃದಯವೇ ಕೆಟ್ಟಿತೆಂದು ಕಂಗಾಲಾಗುತ್ತಾರೆ.

ಸಿಆರ್‌ಪಿಯ ಕಥೆ ಇಷ್ಟು ಸರಳವಲ್ಲ. ಮೈಯಲ್ಲಿ ಉರಿಯೂತವಿದ್ದಾಗ ಯಕೃತ್ತು ತಯಾರಿಸುವ ಪ್ರೋಟೀನ್ ಇದು. ವಸಡಿನಲ್ಲಿ ಕೀವಾದರೂ ಏರುತ್ತದೆ. ಪಾಲ್ ರಿಡ್ಕರ್ ನೇತೃತ್ವದ ಜೂಪಿಟರ್ ಪ್ರಯೋಗದಲ್ಲಿ (2008) ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಕಡಿಮೆ, ಸಿಆರ್‌ಪಿ ಹೆಚ್ಚು ಇದ್ದ 17,802 ಜನರಿದ್ದರು. ಕೊಲೆಸ್ಟ್ರಾಲ್ ಇಳಿಸುವ ರೋಸುವಾಸ್ಟಾಟಿನ್ ಮಾತ್ರೆ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇಕಡಾ 44ರಷ್ಟು ಕಡಿಮೆಯಾದವು. ಆದರೆ ಸಿಆರ್‌ಪಿ ಕಡಿಮೆ ಇದ್ದವರ ಗುಂಪೇ ಅದರಲ್ಲಿ ಇರಲಿಲ್ಲ. ಹಾಗಾಗಿ ಗುಣ ಕೊಟ್ಟದ್ದು ಮಾತ್ರೆ ಎನ್ನಬಹುದು. ಯಾರಿಗೆ ಮಾತ್ರೆ ಬೇಕೆಂದು ಸಿಆರ್‌ಪಿಯೇ ಆರಿಸಿಕೊಟ್ಟಿತು ಎನ್ನಲಾಗದು. ಉರಿಯೂತ ತಗ್ಗಿಸಿದರೆ ಹೃದಯಕ್ಕೆ ಒಳಿತೆಂಬುದು ಖಚಿತವಾದದ್ದು 2017ರ ಕ್ಯಾಂಟೋಸ್ ಪ್ರಯೋಗದಲ್ಲಿ. ಅಲ್ಲೂ ಉರಿಯೂತ ತಗ್ಗಿಸುವ ಔಷಧ ಪಡೆದವರಲ್ಲಿ ಸೋಂಕಿನ ಸಾವುಗಳು ಹೆಚ್ಚಾದವು.

ಇನ್ನು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಕಣ ಲಿಪೊಪ್ರೋಟೀನ್(ಎ). ನಾರ್ವೆಯ ಕೋರೆ ಬರ್ಗ್ 1963ರಲ್ಲೇ ಪತ್ತೆಮಾಡಿದ್ದು. ಹೆಚ್ಚುಕಡಿಮೆ ಪೂರ್ತಿ ವಂಶಪಾರಂಪರ್ಯ, ಊಟ-ವ್ಯಾಯಾಮಕ್ಕೆ ಅಲುಗುವುದಿಲ್ಲ, ಬದುಕಿನಲ್ಲಿ ಒಮ್ಮೆ ನೋಡಿದರೆ ಸಾಕು. ಅಪ್ಪನಿಗೋ ಚಿಕ್ಕಪ್ಪನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದ ಮನೆಗಳಲ್ಲಿ ನಾನು ಮೊದಲು ಕೇಳುವ ಪರೀಕ್ಷೆ ಇದು. ಹೆಚ್ಚಿದ್ದರೆ ಎಲ್‌ಡಿಎಲ್, ಬಿಪಿ, ಸಿಗರೇಟಿನ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಬೇಕೆಂಬ ತೀರ್ಮಾನಕ್ಕಾದರೂ ಬರಬಹುದು.

ರಕ್ತದಿಂದ ರಕ್ತನಾಳಕ್ಕೆ ಬಂದರೆ ವಿಷಯ ಹೆಚ್ಚು ಗಟ್ಟಿ. ಎಳೆಯ ಮಹಾಪಧಮನಿ ಪ್ರತಿ ಬಡಿತಕ್ಕೂ ಹಿಗ್ಗಿ, ಆ ಒತ್ತಡವನ್ನು ಹಿಡಿದಿಟ್ಟು, ಮೆಲ್ಲಗೆ ಬಿಡುತ್ತದೆ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಅದರ ಇಲಾಸ್ಟಿನ್ ಎಳೆಗಳನ್ನು ಮುರಿದು ಕೊಲಾಜೆನ್ ತುಂಬುತ್ತವೆ. ಬಿಗಿದ ಗೋಡೆಯಲ್ಲಿ ನಾಡಿಯ ಅಲೆ ವೇಗವಾಗಿ ಓಡುತ್ತದೆ, ತುದಿಗೆ ಬಡಿದು ಹೃದಯ ಇನ್ನೂ ಹಿಂಡುತ್ತಿರುವಾಗಲೇ ಮರಳುತ್ತದೆ. ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯದ ಸ್ನಾಯು ತನ್ನ ಪಾಲಿನ ರಕ್ತವನ್ನು ಮುಖ್ಯವಾಗಿ ಪಡೆಯುವುದು ಆ ಕೆಳಗಿನ ಹಂತದಲ್ಲೇ. ಹೀಗೆ ಕೆಲಸ ಹೆಚ್ಚಿ, ಕೂಲಿ ಇಳಿಯುತ್ತದೆ. ಕತ್ತಿನಿಂದ ತೊಡೆಸಂದಿಗೆ ಅಲೆ ಸೆಕೆಂಡಿಗೆ 10 ಮೀಟರ್‌ಗಿಂತ ವೇಗವಾಗಿ ಹೋದರೆ ಅಪಾಯವೆಂದು ಯುರೋಪಿನ ವೈದ್ಯರು ಗೆರೆ ಎಳೆದಿದ್ದಾರೆ.

ಈ ಅಳತೆಯನ್ನು ನಾನು ಮೆಚ್ಚುತ್ತೇನೆ. ಇಷ್ಟು ವರ್ಷ ನಾಳ ಅನುಭವಿಸಿದ್ದೆಲ್ಲ ಅದರಲ್ಲಿ ಸೇರಿರುತ್ತದೆ. ಆದರೂ ಫ್ರಾನ್ಸಿನ ಸ್ಪಾರ್ಟೆ ಪ್ರಯೋಗದಲ್ಲಿ (2021) ಈ ವೇಗ ನೋಡಿಕೊಂಡು ಬಿಪಿ ಮಾತ್ರೆ ಹೊಂದಿಸಿದವರಿಗೂ ಮಾಮೂಲಿ ಚಿಕಿತ್ಸೆ ಪಡೆದವರಿಗೂ ಹೃದಯಾಘಾತದಂಥ ಅವಘಡಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಕೊನೆಯ ಮಾತಲ್ಲ. ಆ ಕೊನೆಯ ಮಾತು ಬರುವವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಟ್ಟಿ ಕಟ್ಟಿ ನೋಡುವ ಬಿಪಿಯೇ ಸಾಕಷ್ಟು ಹೇಳುತ್ತದೆ. ಅರವತ್ತರ ಹಿರಿಯರಿಗೆ 165/70 ಬಂದರೆ ನಡುವಿನ ಅಂತರ 95. ಕೆಳಗಿನದು ನಾರ್ಮಲ್ ಇದೆಯೆಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ನಾಳ ಬಿಗಿದಿದೆಯೆಂದು ಸಾರುತ್ತಿರುವುದು ಆ ಅಂತರವೇ.