ದೇವರ ಲಕ್ಷಣ: ರಸ್ಸೆಲ್–ಕೋಪಲ್‌ಸ್ಟನ್ ಸಂವಾದದ ಒಂದು ವಿಮರ್ಶೆ

ವಸ್ತುವೊಂದು ಇದೆಯೇ ಇಲ್ಲವೇ ಎಂಬ ವಾದಕ್ಕೆ ಇಳಿಯುವ ಮುನ್ನ ಅದರ ಲಕ್ಷಣವನ್ನು ಹೇಳಬೇಕೆಂಬುದು ನಮ್ಮ ತಾರ್ಕಿಕರು ಪಾಲಿಸಿಕೊಂಡು ಬಂದ ಕ್ರಮ. ಲಕ್ಷಣ ಮೊದಲು, ಪ್ರಮಾಣ ಅನಂತರ. ದೇವರನ್ನು ಕುರಿತ ವಾದದಲ್ಲಿ ಈ ಕ್ರಮ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದನ್ನು ನೋಡುವುದಕ್ಕೆ 1948ನೆಯ ಇಸವಿ ಜನವರಿ 28ರಂದು ಬಿ.ಬಿ.ಸಿ.ಯ ಮೂರನೆಯ ಕಾರ್ಯಕ್ರಮದಲ್ಲಿ ಪ್ರಸಾರವಾದ ಸಂವಾದಕ್ಕಿಂತ ಉತ್ತಮ ನಿದರ್ಶನ ನಮಗೆ ಕಾಣದು. ಸಂಶಯಪಕ್ಷವನ್ನು ಹಿಡಿದವರು 75 ವರ್ಷದ ಬರ್ಟ್ರೆಂಡ್ ರಸ್ಸೆಲ್. ಕ್ರೈಸ್ತಪಕ್ಷವನ್ನು ಹಿಡಿದವರು 40 ವರ್ಷದ ಫ್ರೆಡರಿಕ್ ಕೋಪಲ್‌ಸ್ಟನ್. ಇವರು ಜೆಸ್ಯೂಟ್ ಸಂಘದ ಪಾದ್ರಿ. ತತ್ತ್ವಶಾಸ್ತ್ರದ ಬೃಹತ್ ಇತಿಹಾಸವೊಂದನ್ನು ಆಗ ಬರೆಯತೊಡಗಿದ್ದರು. ಈ ಸಂವಾದವನ್ನು ಓದಿಸಿದಾಗ ವಿದ್ಯಾರ್ಥಿಗಳು 'ಗೆದ್ದವರು ಯಾರು?' ಎಂದು ಕೇಳುವುದು ಸಹಜ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇಬ್ಬರೂ ವಾದಿಸಿದ್ದು ಒಂದೇ ವಸ್ತುವನ್ನು ಕುರಿತೇ?

ಸಂವಾದದ ಆರಂಭ ಕ್ರಮಬದ್ಧವಾಗಿಯೇ ಇದೆ. ಜಗತ್ತಿನಿಂದ ಭಿನ್ನನೂ ಜಗತ್ತಿನ ಸೃಷ್ಟಿಕರ್ತನೂ ಆದ, ವ್ಯಕ್ತಿತ್ವವುಳ್ಳ ಪರಮಸತ್ತೆ ಎಂಬ ಅರ್ಥವನ್ನು ಕೋಪಲ್‌ಸ್ಟನ್ ಮುಂದಿಡುತ್ತಾರೆ. ರಸ್ಸೆಲ್ ಅದನ್ನು ಒಡನೆಯೇ ಒಪ್ಪುತ್ತಾರೆ. ತಮ್ಮದು ನಾಸ್ತಿಕವಾದವಲ್ಲ, ಅಜ್ಞೇಯವಾದ ಎಂದೂ ತಿಳಿಸುತ್ತಾರೆ. ಲಕ್ಷಣದ ಮಾತು ಅಲ್ಲಿಗೆ ಮುಗಿಯಿತೆಂದು ಶ್ರೋತೃಗಳಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಅದು ಮೊದಲಾಗುವುದು ಅನಂತರವೇ.

ಕೋಪಲ್‌ಸ್ಟನ್ನರ ಪ್ರಧಾನ ಯುಕ್ತಿ ಲೈಬ್‌ನಿಟ್ಸನ ಮಾರ್ಗದ್ದು. ಜಗತ್ತಿನ ವಸ್ತುಗಳಲ್ಲಿ ಕೆಲವಾದರೂ ತಮ್ಮ ಇರುವಿಕೆಯ ಕಾರಣವನ್ನು ತಮ್ಮಲ್ಲೇ ಪಡೆದಿಲ್ಲ. ನಾವು ತಂದೆತಾಯಿಗಳನ್ನು, ಗಾಳಿಯನ್ನು, ಅನ್ನವನ್ನು ಅವಲಂಬಿಸಿದ್ದೇವೆ. ಇಂಥ ಪರಾಧೀನ ವಸ್ತುಗಳನ್ನು ಎಷ್ಟು ಕೂಡಿಸಿದರೂ ಸ್ವಾಧೀನವಾದುದು ಹುಟ್ಟದು. ಆದ್ದರಿಂದ ತನ್ನ ಕಾರಣವನ್ನು ತನ್ನಲ್ಲೇ ಉಳ್ಳ, ಇಲ್ಲದಿರಲಾರದ ಸತ್ತೆಯೊಂದು ಇರಬೇಕು. ಇಲ್ಲಿ ದೇವರೆಂಬ ಪದಕ್ಕೆ ಎರಡನೆಯ ಲಕ್ಷಣವೊಂದು ಸದ್ದಿಲ್ಲದೆ ಬಂದು ಸೇರಿತೆಂಬುದನ್ನು ಗಮನಿಸಬೇಕು. ಮೊದಲಿನದು ವ್ಯಕ್ತಿತ್ವವುಳ್ಳ ಸೃಷ್ಟಿಕರ್ತ, ಈಗಿನದು ಅವಶ್ಯಸತ್ತೆ.

ರಸ್ಸೆಲ್ಲರ ಆಕ್ಷೇಪವೆಲ್ಲ ಈ ಎರಡನೆಯದರ ಮೇಲೆಯೇ. 'ಅವಶ್ಯ' ಎಂಬ ವಿಶೇಷಣ ವಾಕ್ಯಗಳಿಗೆ ಸಲ್ಲುವುದೇ ಹೊರತು ವಸ್ತುಗಳಿಗಲ್ಲ. ವಾಕ್ಯಗಳಲ್ಲಿಯೂ, ನಿರಾಕರಿಸಿದರೆ ಸ್ವವಿರೋಧ ಒದಗುವಂಥ ವಿಶ್ಲೇಷಕ ವಾಕ್ಯಗಳಿಗೆ ಮಾತ್ರ ಎಂಬುದು ಅವರ ನಿಲುವು. ಇದರ ಬೇರು 1905ರಲ್ಲಿ ಅವರೇ ಪ್ರತಿಪಾದಿಸಿದ ವರ್ಣನಾಸಿದ್ಧಾಂತದಲ್ಲಿದೆ: ಇರುವಿಕೆ ವಸ್ತುವಿನ ಗುಣವಲ್ಲ, ಒಂದು ವರ್ಣನೆಗೆ ಹೊಂದುವ ವಸ್ತು ಉಂಟೆಂದು ಹೇಳುವ ರೀತಿ. ಹಾಗಾದರೆ ಇಲ್ಲಿರುವ ದೋಷ ಅವ್ಯಾಪ್ತಿಯೂ ಅಲ್ಲ, ಅತಿವ್ಯಾಪ್ತಿಯೂ ಅಲ್ಲ. ಲಕ್ಷಣವಾಕ್ಯಕ್ಕೆ ಅರ್ಥವೇ ಇಲ್ಲವೆಂದಾಯಿತು.

ಕೋಪಲ್‌ಸ್ಟನ್ನರ ಸಮಾಧಾನ ದುರ್ಬಲವಾದುದಲ್ಲ. ದೇವರ ಸ್ವರೂಪವನ್ನು ಮೊದಲೇ ಅರಿತು ಅದರಿಂದ ಇರುವಿಕೆಯನ್ನು ತಾವು ತೆಗೆಯುತ್ತಿಲ್ಲ. ಜಗತ್ತಿನ ಅನುಭವದಿಂದ ಹೊರಟು ಅಲ್ಲಿಗೆ ತಲಪುತ್ತಿದ್ದೇವೆ ಎನ್ನುತ್ತಾರೆ. ಜಗತ್ತು ಸುಮ್ಮನೆ ಇದೆ, ಅಷ್ಟೇ ಎಂಬ ರಸ್ಸೆಲ್ಲರ ಉತ್ತರ ಅವರಿಗೆ ಪ್ರಶ್ನೆಯನ್ನೇ ಮುಚ್ಚಿದಂತೆ ಕಾಣುತ್ತದೆ: ಚದುರಂಗದ ಮಣೆಯ ಮುಂದೆ ಕೂರದವನನ್ನು ಸೋಲಿಸುವುದು ಹೇಗೆ? ರಸ್ಸೆಲ್ಲರ ಪ್ರತ್ಯುತ್ತರವೂ ಪ್ರಸಿದ್ಧವಾದುದೇ. ಪ್ರತಿಯೊಬ್ಬ ಮನುಷ್ಯನಿಗೂ ತಾಯಿಯುಂಟು. ಅದರಿಂದ ಮನುಷ್ಯಕುಲಕ್ಕೆ ಒಬ್ಬ ತಾಯಿ ಇರಬೇಕೆಂದಾಗದು.

ಉಭಯರಲ್ಲಿಯೂ ಒಂದೊಂದು ಕೊರತೆ ನಮಗೆ ಕಾಣುತ್ತದೆ. ಕೋಪಲ್‌ಸ್ಟನ್ನರ ಯುಕ್ತಿಯನ್ನು ಪೂರ್ತಿಯಾಗಿ ಒಪ್ಪಿದರೂ ದೊರೆಯುವುದು ಎರಡನೆಯ ಲಕ್ಷಣದ ವಸ್ತು ಮಾತ್ರ. ತನಗೆ ತಾನೇ ಕಾರಣವಾದುದು ಎಂಬ ಮಾತು ಸ್ಪಿನೋಜನ ದ್ರವ್ಯಕ್ಕೂ ಸಲ್ಲುತ್ತದೆ. ಸ್ಪಿನೋಜನ ದೇವರಾದರೋ ಜಗತ್ತಿನಿಂದ ಭಿನ್ನನಲ್ಲ. ಪ್ರಾರ್ಥನೆಗೆ ಓಗೊಡುವ ವ್ಯಕ್ತಿಯೂ ಅಲ್ಲ. ಕ್ರೈಸ್ತನ ದೇವರಿಗೆ ಲಕ್ಷಣವೆಂದರೆ ಇದು ಅತಿವ್ಯಾಪ್ತ. ಈ ಬಿರುಕನ್ನು ತುಂಬಬೇಕಾದ ಹೊರೆ ಮುಂದಿನ ಎರಡು ಪ್ರಸ್ತಾವಗಳಾದ ಧಾರ್ಮಿಕ ಅನುಭವ ಮತ್ತು ನೈತಿಕ ಬಾಧ್ಯತೆಗಳ ಮೇಲೆ ಬೀಳುತ್ತದೆ. ಅವು ಆ ಹೊರೆಯನ್ನು ಹೊರುವಷ್ಟು ವಿಸ್ತಾರವಾಗಿ ಬೆಳೆದಿಲ್ಲ. ಆರಂಭದ ಲಕ್ಷಣವನ್ನು ಅಷ್ಟು ಸುಲಭವಾಗಿ ಒಪ್ಪದೆ, ಎರಡನೆಯದು ಬಂದೊಡನೆ 'ಇದು ಅದೇ ಎಂಬುದಕ್ಕೆ ಪ್ರಮಾಣವೇನು?' ಎಂದು ರಸ್ಸೆಲ್ ಕೇಳಿದ್ದರೆ ಸಂವಾದದ ಗತಿಯೇ ಬೇರೆಯಾಗುತ್ತಿತ್ತು.

ಅದರ ಬದಲು ಅವರು ಭಾಷಾನಿಯಮವೊಂದನ್ನು ನೆಚ್ಚಿದರು. ಆ ನೆಲೆ ಅವರು ತಿಳಿದಷ್ಟು ಗಟ್ಟಿಯಲ್ಲ. 1970ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಸಾಲ್ ಕ್ರಿಪ್ಕಿ, ಅವಶ್ಯವಾಗಿ ಸತ್ಯವಾದುದೆಲ್ಲ ಪದಾರ್ಥವಿಶ್ಲೇಷಣೆಯಿಂದಲೇ ತಿಳಿಯಬೇಕಾಗಿಲ್ಲವೆಂದು ವಾದಿಸಿದರು. ಮುಂಜಾವಿನ ಬೆಳ್ಳಿಯೂ ಸಂಜೆಯ ಚುಕ್ಕಿಯೂ ಒಂದೇ ಶುಕ್ರಗ್ರಹವೆಂಬುದು ಆಕಾಶವನ್ನು ನೋಡಿ ತಿಳಿದ ಸಂಗತಿ. ಆದರೂ ಅದು ಅನ್ಯಥಾ ಆಗಲಾರದು. ಈ ಮತವನ್ನು ಒಪ್ಪಿದರೆ ಅವಶ್ಯಸತ್ತೆ ಎಂಬ ಮಾತು ಅರ್ಥಹೀನವೆಂದು ತಳ್ಳಿಹಾಕಲು ರಸ್ಸೆಲ್ಲರ ಕಾರಣ ಸಾಲದು. ಅಂಥ ಸತ್ತೆ ಇದೆಯೆಂದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಪ್ರಶ್ನೆ ಕೇಳತಕ್ಕದ್ದು ಎಂಬಷ್ಟು ಮಾತ್ರ ಉಳಿಯುತ್ತದೆ. ಆದರೆ ಕೋಪಲ್‌ಸ್ಟನ್ನರು ಬೇಡಿದ್ದು ಮೊದಲಿಗೆ ಅಷ್ಟನ್ನೇ ಅಲ್ಲವೇ?

ಲಕ್ಷಣದಲ್ಲಿಯೇ ಇರುವಿಕೆಯನ್ನು ಅಡಗಿಸಿಟ್ಟರೆ ಶ್ರದ್ಧೆ ಹೋರಾಡದೆ ಗೆಲ್ಲುತ್ತದೆ. ಲಕ್ಷಣವನ್ನು ಹೇಳಲು ಬೇಕಾದ ಮಾತನ್ನೇ ನಿಷೇಧಿಸಿದರೆ ಸಂಶಯ ಹೋರಾಡದೆ ಗೆಲ್ಲುತ್ತದೆ. ಈ ಎರಡೂ ಗೆಲವುಗಳಿಂದ ವಿಚಾರಕ್ಕೆ ಲಾಭವಿಲ್ಲ. ಅಂದಿನ ವಾದಿಗಳಿಬ್ಬರೂ ಸೌಜನ್ಯವನ್ನು ಬಿಡದೆ ತಮ್ಮ ಭಿನ್ನತೆಯ ಬುಡದವರೆಗೆ ನಡೆದರು; ಆ ಬುಡ ಇರುವುದು ಲಕ್ಷಣದಲ್ಲಿಯೇ ಎಂಬುದನ್ನು ಮಾತ್ರ ಮೊದಲ ನಿಮಿಷದ ಒಪ್ಪಂದ ಮರೆಸಿತು. ಈ ಸಂವಾದವನ್ನು ಪಾಠ ಹೇಳುವವರು ಗೆಲುವು ಸೋಲುಗಳ ಲೆಕ್ಕವನ್ನು ಬದಿಗಿಟ್ಟು, ಆ ಒಪ್ಪಂದದ ಮಾತಿಗೇ ಮತ್ತೆ ಮತ್ತೆ ಮರಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.